ಗಾಜಿನ ದಾಸವಾಳ: ಬಾಗಿಲ ಮೇಲಿನ ಫಲಕ ಮಾಡಿದ ಬಗೆ

ಬಣ್ಣದ ಗಾಜಿನ ಕೆಲಸದಲ್ಲಿ ಚಿತ್ರ ಬರೆಯುವವರು ಒಬ್ಬರು, ಗಾಜು ಕೊಯ್ಯುವವರು ಇನ್ನೊಬ್ಬರು ಆದರೆ ಜಗಳ ಖಚಿತ. ಪೆನ್ಸಿಲ್ ಎಲ್ಲಿ ಬೇಕಾದರೂ ತಿರುಗುತ್ತದೆ, ಗಾಜು ಹಾಗೆ ಒಡೆಯುವುದಿಲ್ಲ. ಅದಕ್ಕೇ ನಾನು ಎರಡನ್ನೂ ನಾನೇ ಮಾಡಿಕೊಳ್ಳುತ್ತೇನೆ.

ಈಚೆಗೆ ಮೈಸೂರಿನ ಒಂದು ಹಳೇ ಮನೆಯ ಬಾಗಿಲ ಮೇಲಿನ ವೆಂಟಿಲೇಟರಿಗೆ ಫಲಕ ಮಾಡಿಕೊಟ್ಟೆ. ಮನೆಯವರು ಕೇಳಿದ್ದು ನವಿಲು, ಅರಮನೆಯ ಕಲ್ಯಾಣ ಮಂಟಪದಲ್ಲಿ ಇರೋ ಥರದ್ದು. ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈಗಿನ ಅರಮನೆ 1912ಕ್ಕೆ ಮುಗಿಯಿತು. ಆ ಮಂಟಪದ ಚಾವಣಿಯ ಗಾಜು ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಅಷ್ಟು ದೊಡ್ಡ ಚಾವಣಿಯಲ್ಲಿ ನವಿಲಿಗೆ ಗರಿ ಬಿಚ್ಚಲು ಜಾಗ ಇದೆ. ಎರಡು ಅಡಿ ಅಗಲದಲ್ಲಿ ಬಿಡಿಸಿದರೆ ಅದು ಕೋಳಿ ಥರ ಕಾಣುತ್ತದೆ ಅಂದೆ. ನಕ್ಕು ದಾಸವಾಳಕ್ಕೆ ಒಪ್ಪಿದರು.

ಹೂವು ಅಂದರೆ ಬಾಗು ಜಾಸ್ತಿ. ಕಟರಿನ ಪುಟ್ಟ ಚಕ್ರ ಗಾಜನ್ನು ಕೊಯ್ಯುವುದಿಲ್ಲ, ಮೇಲೆ ಒಂದು ಗೀರು ಎಳೆಯುತ್ತದೆ ಅಷ್ಟೇ. ಚಕ್ರಕ್ಕೆ ಎಣ್ಣೆ ಮುಟ್ಟಿಸಿ, ಅಂಚಿನಿಂದ ಅಂಚಿಗೆ, ಒಂದೇ ಸಲ ಎಳೆಯಬೇಕು. ಎಳೆದ ಗೀರಿನ ಮೇಲೆ ಮತ್ತೆ ಹೋದರೆ ಚಕ್ರವೂ ಹಾಳು, ಗಾಜೂ ಹಾಳು. ಕಿವಿ ಅಲ್ಲೇ ಇರಬೇಕು: ಸಣ್ಣಗೆ ಸರ್ರ್ ಅಂದರೆ ಸರಿ, ಕರಕರ ಅಂದು ಬಿಳಿ ಪುಡಿ ಎದ್ದರೆ ಒತ್ತಿದ್ದು ಜಾಸ್ತಿ. ಆಮೇಲೆ ಇಕ್ಕಳದಲ್ಲಿ ಹಿಡಿದು ಒತ್ತಿದರೆ ಬಿರುಕು ಗೀರಿನ ಗುಂಟ ಓಡುತ್ತದೆ. ಒಳಬಾಗು ಆಳವಾಗಿದ್ದರೆ ಮಾತ್ರ ಬಿರುಕು ದಾರಿ ಬಿಟ್ಟು ನೇರ ಹೊರಟುಬಿಡುತ್ತದೆ. ಅಲ್ಲಿ ಬೇಕಾದ ಬಾಗನ್ನು ಮೊದಲು ಗೀರಿ, ತೆಗೆಯಬೇಕಾದ ಭಾಗದಲ್ಲಿ ಇನ್ನೂ ಕೆಲವು ಕಡಿಮೆ ಬಾಗಿನ ಗೀರು ಹಾಕಿ, ಅಂಚಿನ ಕಡೆಯಿಂದ ಒಂದೊಂದೇ ಚೂರು ಮುರಿಯುತ್ತೇನೆ. ತೀರಾ ಆಳವಾದರೆ ಹಟ ಮಾಡುವುದಿಲ್ಲ. ಹಸಿರು ಗಾಜನ್ನು ಅಲ್ಲೇ ಎರಡು ತುಂಡು ಮಾಡಿ, ಹೆಚ್ಚಿಗೆ ಬಂದ ಗೆರೆಯನ್ನು ಎಲೆಯ ನರ ಮಾಡಿಬಿಡುತ್ತೇನೆ. ನೋಡುವವರಿಗೆ ಅದು ಚಿತ್ರದ್ದೇ ಗೆರೆ.

12ನೇ ಶತಮಾನದ ಯುರೋಪಿನಲ್ಲಿ ಈ ಚಕ್ರವೂ ಇರಲಿಲ್ಲ. ಸುಣ್ಣದ ಪುಡಿ ಬಳಿದ ಹಲಗೆಯ ಮೇಲೆ ಚಿತ್ರ ಬರೆದು, ಕಾದ ಕಬ್ಬಿಣ ಮುಟ್ಟಿಸಿ ಬಿರುಕು ಓಡಿಸುತ್ತಿದ್ದರು ಅಂತ ತಿಯೋಫಿಲಸ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಆಮೇಲೆ ಕಬ್ಬಿಣದ ಉಪಕರಣದಿಂದ ಅಂಚನ್ನು ಚೂರುಚೂರಾಗಿ ಕಡಿದು ಆಕಾರಕ್ಕೆ ತರುತ್ತಿದ್ದರು. ನನಗಾದರೋ ಗಾಜಿನ ಅಂಚು ಉಜ್ಜಲು ನೀರು ಹಾಯುವ ಗ್ರೈಂಡರ್ ಇದೆ.

ಕೆಂಪಿನದು ಬೇರೆಯೇ ಕಥೆ. ಆಗ ತಾಮ್ರದಿಂದ ಬರುತ್ತಿದ್ದ ಕೆಂಪು ಎಷ್ಟು ಗಾಢ ಅಂದರೆ, ಪೂರ್ತಿ ದಪ್ಪಕ್ಕೂ ಅದೇ ಇದ್ದರೆ ಗಾಜು ಕಪ್ಪಾಗಿ ಕಾಣುತ್ತಿತ್ತು. ಹಾಗಾಗಿ ಸಾದಾ ಗಾಜಿನ ಮೇಲೆ ಕೆಂಪಿನ ತೆಳು ಪದರ ಹೊದಿಸುತ್ತಿದ್ದರು. ಈಗ ಕ್ಯಾಡ್ಮಿಯಂ, ಸೆಲೆನಿಯಂ ಹಾಕಿ ಕೆಂಪು ತರುತ್ತಾರೆ. ಒಳ್ಳೆಯ ಗುಲಾಬಿಗೆ ಚಿನ್ನ ಬೇಕು, ಬೆಲೆಯೂ ಹಾಗೇ. ದಳಗಳಿಗೆ ನಾನು ಆರಿಸಿದ್ದು ಎಳೆ ಎಳೆಯಾಗಿ ಬಣ್ಣ ಹರಿದ ಕೆಂಪು ಹಾಳೆ. ಎಳೆಗಳು ದಳದ ಬುಡದಿಂದ ತುದಿಗೆ ಹೋಗುವಂತೆ ಮಾದರಿಯನ್ನು ತಿರುಗಿಸಿ ಇಡಬೇಕು. ಗಾಜು ತುಂಬಾ ದಂಡವಾಗುತ್ತದೆ, ಆದರೂ ಇಲ್ಲಿ ಜಿಪುಣತನ ಮಾಡಬಾರದು.

ಜೋಡಿಸಲು ಸೀಸದ ಪಟ್ಟಿ ಬಿಟ್ಟು ತಾಮ್ರದ ಅಂಟುಪಟ್ಟಿ ಬಳಸಿದೆ. ಸಣ್ಣ ತುಂಡುಗಳಿಗೆ ಇದೇ ವಾಸಿ. ನ್ಯೂಯಾರ್ಕಿನಲ್ಲಿ ಲೂಯಿಸ್ ಟಿಫನಿ ನಡೆಸುತ್ತಿದ್ದ ಸ್ಟುಡಿಯೋದ ಹೂವಿನ ದೀಪಗಳೆಲ್ಲ ಹೀಗೇ ಆದವು. ಅವುಗಳಲ್ಲಿ ಎಷ್ಟನ್ನೋ ರೂಪಿಸಿದ್ದು ಕ್ಲಾರಾ ಡ್ರಿಸ್ಕಾಲ್, ಗಾಜು ಆರಿಸಿ ಕೊಯ್ದದ್ದು ಅವರ ಜೊತೆಗಿದ್ದ ಹೆಣ್ಣುಮಕ್ಕಳು. ಹೆಸರು ಮಾತ್ರ ಟಿಫನಿಯದು! ಪ್ರತಿ ತುಂಡಿನ ಅಂಚಿಗೂ ಪಟ್ಟಿ ಸುತ್ತಿ, ಉಜ್ಜಿ ಕೂರಿಸಿ, ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ಫ್ಲಕ್ಸ್ ಹಚ್ಚಿ, 60 ಪಾಲು ತವರ, 40 ಪಾಲು ಸೀಸದ ಬೆಸುಗೆ ಹರಿಸಿದೆ. ಇದು ಸುಮಾರು 190 ಡಿಗ್ರಿಗೆ ಪೂರ್ತಿ ಕರಗುತ್ತದೆ. ಒಂದೇ ಕಡೆ ಜಾಸ್ತಿ ಹೊತ್ತು ಕಾಯಿಸಿದರೆ ಗಾಜು ಟಪ್ ಅನ್ನುತ್ತದೆ. ಸೀಸ ಇರುವ ಕೋಣೆಯಲ್ಲಿ ಕಾಫಿ ಕೂಡ ಬೇಡ, ಎದ್ದ ಕೂಡಲೇ ಸೋಪಿನಲ್ಲಿ ಕೈ ತೊಳೆಯಿರಿ.

ಫಲಕವನ್ನು ಒಳಗಡೆಗೆ ಕೂರಿಸಿ, ಹೊರಗಡೆಗೆ ಸಾದಾ ಗಾಜು ಕೊಟ್ಟೆ. ಚೌಕಟ್ಟಿನ ಸುತ್ತ ಚೂರು ಸಡಿಲ ಬಿಟ್ಟಿದ್ದೇನೆ, ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಲ್ವಾ.