ಅಷ್ಟೂರನ್ನು ನಾನು ನೋಡಿದ್ದು ಒಡೆದ ಗುಮ್ಮಟದಿಂದ

ಬೀದರ್ ನಗರದಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಇಲ್ಲಿ ಸಾಲಾಗಿ ನಿಂತಿವೆ. ಬಂದವರು ಸಾಮಾನ್ಯವಾಗಿ ನೇರ ಅಹ್ಮದ್ ಷಾ ವಲಿಯ ಗುಮ್ಮಟಕ್ಕೆ ನಡೆಯುತ್ತಾರೆ. ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕಸುಬು. ಒಡೆದ ಗೋಡೆ ಕಂಡರೆ ಕಾಲು ಅತ್ತಲೇ ತಿರುಗುತ್ತದೆ. ಹಾಗಾಗಿ ಮೊದಲು ಹೋಗಿದ್ದು ಹುಮಾಯೂನನ ಗೋರಿಗೆ.

1458ರಿಂದ 1461ರವರೆಗೆ ಆಳಿದ ಈತನಿಗೆ ‘ಜಾಲಿಂ’, ಅಂದರೆ ಕ್ರೂರಿ, ಎಂಬ ಅಡ್ಡಹೆಸರು. ಸಿಡಿಲು ಬಡಿದು ಗೋರಿ ಸೀಳಿತೆಂದು ಜನ ಹೇಳುತ್ತಾರೆ. ತಕ್ಕ ಶಾಸ್ತಿಯಾಯಿತೆಂಬ ಸಮಾಧಾನವೂ ಆ ದನಿಯಲ್ಲಿರುತ್ತದೆ. ಉಳಿದಿರುವುದು ಗುಮ್ಮಟದ ಒಂದು ಹೋಳು ಮಾತ್ರ. ಇಡೀ ಗುಮ್ಮಟ ಮುಚ್ಚಿಡುವುದನ್ನೆಲ್ಲ ಆ ಹೋಳು ಬಿಚ್ಚಿ ತೋರಿಸುತ್ತದೆ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಇವೆರಡನ್ನು ಕೂಡಿಸಲು ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಕಮಾನು ಹಾಯಿಸಿ, ಚೌಕವನ್ನು ಎಂಟು ಮೂಲೆಯದಾಗಿ ಮಾಡಿ, ಅದರ ಮೇಲೆ ಗುಮ್ಮಟವನ್ನು ಕೂರಿಸಿದ್ದಾರೆ. ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆ ಎಂಬುದನ್ನು ಬೆರಳಿನಿಂದಲೇ ಗುರುತಿಸಬಹುದು. ಸೀಳಿದ ಅಂಚಿನ ದಪ್ಪ ನೋಡಿದ ಮೇಲೆ ಉಳಿದ ಗೋರಿಗಳ ಗಾತ್ರವೂ ಬೇರೆಯಾಗಿಯೇ ಕಂಡಿತು.

ನಂತರ 1436ರಲ್ಲಿ ತೀರಿಕೊಂಡ ಅಹ್ಮದ್ ಷಾನ ಗುಮ್ಮಟ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಬಿಸಿಲಿಗೆ ಒಗ್ಗಿದ ಕಣ್ಣಿಗೆ ಮೊದಲು ಬರೀ ಕತ್ತಲೆ. ಮೊಬೈಲ್ ಬೆಳಕು ಅಲ್ಲಿ ಏನೇನೂ ಸಾಲದು. ಕಾವಲಿಗಿದ್ದವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಆ ಬೆಳಕು ಗೋಡೆ ಹತ್ತುತ್ತ ಹೋದಂತೆ ಕಡುನೀಲಿ, ಕುಂಕುಮಗೆಂಪು, ನಡುನಡುವೆ ಚಿನ್ನದ ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಇರಾನಿನ ಕಿರ್ಮಾನಿನ ಸೂಫಿ ಷಾ ನಿಮತುಲ್ಲಾನ ಪಾರ್ಸಿ ಪದ್ಯಗಳೂ ಅದರಲ್ಲಿವೆ. ಮೂಲೆಯ ಕಮಾನುಗಳು ಇಲ್ಲಿಯೂ ಇವೆ. ಬಣ್ಣದ ಹಿಂದೆ ಅವುಗಳನ್ನು ಹುಡುಕುವುದೇ ನನಗೊಂದು ಆಟವಾಯಿತು. ಈ ಸುಲ್ತಾನನನ್ನು ಇಲ್ಲಿನ ಅನೇಕ ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದು ನಂಬಿ ನಡೆದುಕೊಳ್ಳುತ್ತಾರೆ. ಹೋಳಿಯ ನಂತರದ ಉರುಸಿಗೆ ಕಲಬುರಗಿ ಸೀಮೆಯಿಂದ ಜಂಗಮರು ಬರುತ್ತಾರೆ.

ಪಕ್ಕದಲ್ಲಿರುವ, ಅಹ್ಮದ್ ಷಾನ ಮಗ ಅಲಾವುದ್ದೀನನ ಗೋರಿಯ ಮುಂಭಾಗದಲ್ಲಿ ನೀಲಿ ಹೊಳಪಿನ ಬಿಲ್ಲೆಗಳು ಅಲ್ಲಲ್ಲಿ ಉಳಿದಿವೆ. ಉಳಿದ ಗೋರಿಗಳನ್ನು ಸುತ್ತು ಹಾಕಿ ನೋಡಿದರೆ ಸಾಕು.

ದಾರಿಯಲ್ಲೇ ಸಿಗುವ ಚೌಖಂಡಿಯನ್ನು ಹಿಂದಿರುಗುವಾಗ ನೋಡಿದೆ. ನಿಮತುಲ್ಲಾನ ಮಗ ಖಲೀಲುಲ್ಲಾನ ಗೋರಿ ಅದು. ಎಂಟು ಮೂಲೆಯ ಹೊರಗೋಡೆಯ ಒಳಗೆ ಚೌಕದ ಇನ್ನೊಂದು ಕಟ್ಟಡ. ಬಾಗಿಲ ಸುತ್ತ ಕರಿಕಲ್ಲಿನ ನವಿರಾದ ಕೆತ್ತನೆ. ಕನ್ನಡಿಗೆ ಒಳ್ಳೆಯ ಬಿಸಿಲು ಬೇಕು, ಆದ್ದರಿಂದ ಮೋಡದ ದಿನ ಅಷ್ಟೂರಿಗೆ ಹೋಗಬೇಡಿ.