ಕ್ರಾಫ್ಟ್ ಅಂಗಡಿಯ ಸಾಮಾನಿನಲ್ಲಿ ಟ್ರೌಟ್ ಫ್ಲೈ ಕಟ್ಟಿದ ನನ್ನ ಅನುಭವ

ಫ್ಲೈ ಅಂದರೆ ಟ್ರೌಟ್ ಮೀನು ಹಿಡಿಯಲು ಗಾಳದ ಮೇಲೆ ದಾರ, ಗರಿ ಇತ್ಯಾದಿ ಸುತ್ತಿ ಹುಳುವಿನಂತೆ ಮಾಡುವ ಆಮಿಷ. ಅದಕ್ಕಾಗಿ ಕ್ರಾಫ್ಟ್ ಅಂಗಡಿಯಲ್ಲಿ ಏನನ್ನೇ ಕೈಗೆತ್ತಿಕೊಂಡರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದು ನೀರಿಗೆ ಬಿದ್ದರೆ ಏನಾಗುತ್ತೆ? ತೇಲುತ್ತಾ, ಮುಳುಗುತ್ತಾ, ನೀರು ಕುಡಿದು ಬಣ್ಣ ಬದಲಿಸುತ್ತಾ? ಇದು ಗೊತ್ತಾದರೆ ಪ್ಯಾಕೆಟ್ ಮೇಲೆ 'ಫ್ಲೈ ಕಟ್ಟಲು' ಅಂತ ಬರೆದಿರಬೇಕಾಗಿಲ್ಲ.

ಉಲ್ಲನ್ ದಾರವನ್ನೇ ತಗೊಳ್ಳಿ. ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ಅವರ 'ಕಿಲ್ಲರ್ ಬಗ್' ಬಹಳ ಹೆಸರಾದ ಫ್ಲೈ. ಅದಕ್ಕೆ ಅವರು ಬಳಸಿದ್ದು ಚ್ಯಾಡ್ವಿಕ್ಸ್ 477 ಎಂಬ ದಾರ, ಅಂದರೆ ಬಟ್ಟೆಯ ತೂತು ರಿಪೇರಿ ಮಾಡುವ ಉಲ್ಲನ್! ಒಣಗಿದ್ದಾಗ ಮಂಕಾಗಿ ಕಾಣುವ ಆ ದಾರ ಒದ್ದೆಯಾದರೆ ತುಸು ಗುಲಾಬಿಗೆ ತಿರುಗಿ ಸಿಗಡಿಯ ಹಾಗೆ ಕಾಣುತ್ತದೆ. ಅದಕ್ಕೇ ನಾನು ಉಲ್ಲನ್ನಿನ ಒಂದು ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಬೆಳಕಿಗೆ ಹಿಡಿದು ನೋಡದೆ ಬಣ್ಣ ಆರಿಸುವುದಿಲ್ಲ.

ನನ್ನ ಡಬ್ಬಿಯಲ್ಲಿ ಜಾಸ್ತಿ ಇರುವುದು ಹಸಿರು ಕ್ಯಾಡಿಸ್ ಹುಳುಗಳು, ಅಂದರೆ ನೀರೊಳಗೆ ಬೆಳೆಯುವ ಕ್ಯಾಡಿಸ್ ಕೀಟದ ಮರಿಯಂತೆ ಕಟ್ಟಿದ ಫ್ಲೈಗಳು. ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರಿನೊಳಗೇ ಮುಗಿಸುತ್ತದೆ, ಹಾಗಾಗಿ ಇವಕ್ಕೆ ಕೆಲಸ ಹೆಚ್ಚು. ಗಾಳದ ಮೊನೆಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಮೊನೆಯ ಕಡೆಯಿಂದ ಒಂದು ಕಪ್ಪು ಗಾಜಿನ ಮಣಿ ಪೋಣಿಸಿ ಗಾಳದ ಕಣ್ಣಿನವರೆಗೆ (ದಾರ ಕಟ್ಟುವ ತೂತು) ತಳ್ಳುತ್ತೇನೆ. ಗಾಜಿನ ಮಣಿ ಹಿತ್ತಾಳೆಯಷ್ಟು ಭಾರ ಇರಲ್ಲ. ಅದಕ್ಕೆ ಆಭರಣ ಮಾಡುವ ತೆಳು ತಾಮ್ರದ ತಂತಿಯನ್ನು ಅದರ ಹಿಂದೆ ಕೆಲವು ಸುತ್ತು ಸುತ್ತುತ್ತೇನೆ. ಆಮೇಲೆ ಉಲ್ಲನ್. ಇಡೀ ದಾರ ಸುತ್ತಿದರೆ ಹುಳು ದಪ್ಪಗಾಗಿ ಕೆಡುತ್ತದೆ. ಹುರಿ ಬಿಚ್ಚಿ ಒಂದೇ ಎಳೆ ತೆಗೆದು, ಬೆರಳಲ್ಲಿ ಬಿಗಿಯಾಗಿ ಹೊಸೆದು ಸುತ್ತಬೇಕು. ಹೊಸೆದ ಎಳೆ ಸುತ್ತುತ್ತಾ ಹೋದಂತೆ ಹುಳುವಿನ ಮೈಯ ಗೆಣ್ಣುಗಳು ತಾವಾಗಿಯೇ ಮೂಡುತ್ತವೆ. ನೋಡಲು ಎಷ್ಟು ಖುಷಿ ಅಂತೀರಿ! ಕೊನೆಗೆ ಗಂಟು ಹಾಕಿ, ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ.

ಉಳಿದ ತುಣುಕುಗಳನ್ನು ಎಸೆಯಬೇಡಿ. ಬೇರೆ ಬೇರೆ ಬಣ್ಣದ ಚೂರುಗಳನ್ನು ಸಣ್ಣಗೆ ಕತ್ತರಿಸಿ, ಎಳೆ ಬಿಡಿಸಿ ಬೆರೆಸಿದರೆ ಒಳ್ಳೆಯ ಡಬ್ಬಿಂಗ್, ಅಂದರೆ ದಾರಕ್ಕೆ ಹೊಸೆದು ಫ್ಲೈಯ ಮೈ ಮಾಡುವ ನಾರು ಸಿಗುತ್ತದೆ. ಒಂದೇ ಬಣ್ಣಕ್ಕಿಂತ ಬೆರಕೆಯೇ ನನಗೆ ಜೀವಂತ ಅನಿಸುತ್ತದೆ.

ತೇಲುವ ಫ್ಲೈಗೆ 2 ಮಿ.ಮೀ. ದಪ್ಪದ ಫೋಮ್ ಹಾಳೆಗಿಂತ ಸುಲಭವಾದದ್ದು ನನಗೆ ಸಿಕ್ಕಿಲ್ಲ. ಅದು ನೀರು ಕುಡಿಯುವುದೇ ಇಲ್ಲ. ಕಪ್ಪು ಫೋಮಿನ ಪಟ್ಟಿಯೊಂದನ್ನು ಗಾಳದ ಬಾಯಿಯಷ್ಟೇ (ಮೊನೆಗೂ ಕಡ್ಡಿಗೂ ನಡುವಿನ ಜಾಗ) ಅಗಲಕ್ಕೆ ಕತ್ತರಿಸಿ ಬಾಗಿನ ಹತ್ತಿರ ಕಟ್ಟಿ. ಗಾಳದ ಮೇಲೆ ಕಪ್ಪು ಉಲ್ಲನ್ ಸುತ್ತಿ, ಪಟ್ಟಿಯನ್ನು ಅದರ ಮೇಲೆ ಮಡಚಿ ಕಣ್ಣಿನ ಹಿಂದೆ ಬಿಗಿಯಿರಿ. ಜೀರುಂಡೆ ತಯಾರು. ಬೆನ್ನಿನ ಮೇಲೆ ಕಿತ್ತಳೆ ಬಣ್ಣದ ಫೋಮಿನ ಚೂರೊಂದನ್ನು ಕಟ್ಟಿದರೆ ದೂರದಿಂದ ಕಾಣಿಸುತ್ತೆ. ಫೋಮ್ ಗಾಳದ ಬಾಯಿಗೆ ತುಂಬಿಕೊಳ್ಳಬಾರದು, ಮೀನಿಗೆ ಮೊನೆ ಚುಚ್ಚಿಕೊಳ್ಳಲು ಜಾಗ ಬೇಕಲ್ವಾ?

ಎಲ್ಲದರಲ್ಲೂ ಕಾಸು ಉಳಿಸಲು ಹೋಗಬಾರದು. ಗಾಳ ಒಳ್ಳೆಯದೇ ಇರಲಿ. ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು. ಕಟ್ಟಲು ಹೊಲಿಗೆ ದಾರ 8 ಅಥವಾ 10ನೇ ನಂಬರಿನ ದೊಡ್ಡ ಗಾಳಕ್ಕೆ ನಡೆಯುತ್ತದೆ, 16ರಂಥ ಸಣ್ಣದಕ್ಕೆ ಅದರ ದಪ್ಪವೇ ಹೊರೆ. ಅಲ್ಲಿ ಫ್ಲೈಗೆಂದೇ ಮಾಡಿದ ತೆಳು ದಾರ ಬೇಕು.

ಗರಿಗಳ ವಿಷಯವೂ ಅಷ್ಟೇ. ನೀರಿನ ಮೇಲೆ ನಿಲ್ಲುವ ಡ್ರೈ ಫ್ಲೈಗೆ ಗಟ್ಟಿ ಎಳೆಯ ಹುಂಜದ ಗರಿ ಬೇಕು, ಕ್ರಾಫ್ಟ್ ಪ್ಯಾಕೆಟ್ಟಿನಲ್ಲಿ ಬರುವುದು ಹೆಚ್ಚಾಗಿ ಮೆತ್ತನೆಯದು. ಆದರೆ ಆ ಮೆತ್ತನೆ ಗರಿ ನೀರೊಳಗಿನ ಫ್ಲೈಗೆ ಹೇಳಿ ಮಾಡಿಸಿದ್ದು. ಉಲ್ಲನ್ ಮೈಯ ಮುಂದೆ ಒಂದು ಅಥವಾ ಒಂದೂವರೆ ಸುತ್ತು ಸಾಕು, ಎಳೆಗಳು ಹರಿವಿಗೆ ಬಿಚ್ಚಿ ಮುಚ್ಚಿ ಕಾಲಿನಂತೆ ಆಡುತ್ತವೆ. ಬಣ್ಣ ಹಾಕಿದ ಗರಿಯಾದರೆ ಮಾತ್ರ ಮೊದಲು ಬಿಸಿನೀರಲ್ಲಿ ನೆನೆಸಿಡಿ, ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸಿ.