ಕ್ಯಾಟಮರಾನ್‌ಗೆ ಹೊಸ ಎಂಜಿನ್: ಮೊದಲು ಟೇಪು ಹಿಡಿಯಿರಿ, ಎಚ್‌ಪಿ ಆಮೇಲೆ

ಹಲಸೂರು ಕೆರೆಯಲ್ಲಿ ಎಂಇಜಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರು ಅಭ್ಯಾಸ ಮಾಡುವ ಪುಟ್ಟ ಹಾಯಿದೋಣಿಗಳಿಗೆ ಎಂಜಿನ್ ಬೇಕಿಲ್ಲ. ಗಾಳಿ ನಿಂತರೆ ಹುಟ್ಟು ಹಾಕಿ ದಡ ಸೇರಬಹುದು. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ದಿನಗಟ್ಟಲೆ ತಿರುಗುವ ಕ್ರೂಸಿಂಗ್ ಕ್ಯಾಟಮರಾನ್ ಕಥೆ ಬೇರೆ. ಎರಡು ಉದ್ದನೆ ಹಲ್‌ಗಳ (ನೀರಿನಲ್ಲಿ ತೇಲುವ ಒಡಲುಗಳ) ಈ ದೋಣಿ ನಾಲ್ಕೈದು ಟನ್ ತೂಗುತ್ತದೆ. ಅಳಿವೆಯಲ್ಲಿ ಗಾಳಿ ಕೈಕೊಟ್ಟು, ಇಳಿತದ ನೀರು ಎದುರಿನಿಂದ ನುಗ್ಗಿ ಬಂದಾಗ ಎಂಜಿನ್ ಒಂದೇ ದಾರಿ.

ಬೆಂಗಳೂರಿನಲ್ಲಿ ಕೆಲಸ, ದೋಣಿ ಮಾತ್ರ ಕೊಚ್ಚಿಯ ಬೋಲ್ಗಾಟಿ ಮರೀನಾದಲ್ಲೋ ಗೋವಾದ ನದಿಯಲ್ಲೋ. ನಾಲ್ಕು ಜನ ಗೆಳೆಯರು ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಕ್ಯಾಟಮರಾನ್ ಕೊಂಡಿದ್ದೀರಿ. ಅದರ ಹಿಂದೆ ತೂಗುವ ಎರಡು ಹಳೇ ಔಟ್‌ಬೋರ್ಡ್‌ಗಳಿಗೆ, ಅಂದರೆ ದೋಣಿಯ ಹೊರಗೆ ಸಿಕ್ಕಿಸುವ ಎಂಜಿನ್‌ಗಳಿಗೆ, ವಯಸ್ಸಾಗಿದೆ. ಈಗ ಹೊಸದನ್ನು ಆರಿಸುವುದು ಹೇಗೆ? ಇಂಥ ಸಂದರ್ಭದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ ಹಾಕಿಸೋಣ’ ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಅಳತೆ, ತೂಕ, ಗೇರು, ಪೆಟ್ರೋಲು, ರಿಪೇರಿ ಇವಿಷ್ಟೂ ತೀರ್ಮಾನವಾದರೆ ಎಚ್‌ಪಿ ತಾನಾಗಿಯೇ ತೀರ್ಮಾನವಾಗಿರುತ್ತದೆ.

ಅದಕ್ಕೂ ಮುಂಚೆ, ಹಳೆಯದನ್ನು ತೆಗೆಯಲೇಬೇಕಾ ನೋಡಿ. ಪ್ರತಿ ಎಂಜಿನ್‌ನ ಎರಡೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಎರಡೂ ಚೆನ್ನಾಗಿದ್ದು ಹತ್ತಿರಹತ್ತಿರ ಇದ್ದರೆ, ತೊಂದರೆ ಕಾರ್ಬುರೇಟರ್‌ನಲ್ಲೋ ವೈರಿಂಗ್‌ನಲ್ಲೋ ಇರಬಹುದು. ನೀರು ಹರಿಯುವ ದಾರಿಯಲ್ಲಿ ಉಪ್ಪು ಕಟ್ಟಿ ಬ್ಲಾಕೇ (ಎಂಜಿನ್‌ನ ಮುಖ್ಯ ಲೋಹದ ಮೈ) ತಿಂದುಹೋಗಿದ್ದರೆ ಮಾತ್ರ ಅದಕ್ಕೆ ದುಡ್ಡು ಸುರಿಯಬೇಡಿ. ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ, ಒಂದೇ ಮಾಡೆಲ್ ಹಾಕಿ. ಸ್ಪೇರ್ ಎರಡಕ್ಕೂ ಒಂದೇ ಆಗುತ್ತದೆ. ನಡುನೀರಿನಲ್ಲಿ ಒಂದು ಕೆಟ್ಟರೆ, ಚೆನ್ನಾಗಿರುವುದರ ಭಾಗ ಇದಕ್ಕೆ ಹಾಕಿ ನೋಡಿ ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡಬಹುದು.

ಕಾಲಿನ ಉದ್ದ

ಔಟ್‌ಬೋರ್ಡ್‌ಗಳ ಶಾಫ್ಟ್, ಅಂದರೆ ನೀರಿಗಿಳಿಯುವ ಕಾಲು, ಸಾಮಾನ್ಯವಾಗಿ ಮೂರು ಉದ್ದದಲ್ಲಿ ಬರುತ್ತದೆ. 15, 20, 25 ಇಂಚು. ಅಂದರೆ 381, 508, 635 ಮಿಲಿಮೀಟರ್. ಸಣ್ಣ ಎಂಜಿನ್‌ಗಳಲ್ಲಿ 25 ಇಂಚಿನದು ಎಲ್ಲ ಕಂಪನಿಗಳಲ್ಲೂ ಸಿಗುವುದಿಲ್ಲ. ಕ್ಯಾಟಮರಾನ್‌ಗೆ ಬಹಳ ಸಲ ಬೇಕಾಗುವುದು ಅದೇ.

ಕಾರಣ ಹೀಗಿದೆ. ಪ್ರೊಪೆಲ್ಲರ್‌ಗೆ ಸ್ವಲ್ಪ ಮೇಲೆ ಒಂದು ಚಪ್ಪಟೆ ತಗಡು ಇರುತ್ತದಲ್ಲ, ಅದು ಯಾವಾಗಲೂ ನೀರಿನ ಒಳಗೇ ಇರಬೇಕು. ಮೇಲೆ ಬಂದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ, ಎಂಜಿನ್ ಒಮ್ಮೆಲೇ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಎಂಜಿನ್ ಎರಡು ಹಲ್‌ಗಳ ನಡುವೆ ತೂಗುತ್ತಿದ್ದರೆ ಇನ್ನೊಂದು ತೊಡಕಿದೆ. ದೋಣಿ ಓಡುವಾಗ ಎರಡೂ ಹಲ್ ಎಬ್ಬಿಸುವ ಅಲೆಗಳು ನಡುವೆ ಸೇರುತ್ತವೆ. ಒಂದು ಕಡೆ ನೀರು ಉಬ್ಬಿದರೆ ಇನ್ನೊಂದು ಕಡೆ ತಗ್ಗು ಬೀಳುತ್ತದೆ. ನಿಮ್ಮ ಎಂಜಿನ್ ಆ ತಗ್ಗಿನಲ್ಲೇ ಇದ್ದರೆ, ಜೆಟ್ಟಿಯಲ್ಲಿ ನಿಂತಾಗ ಸರಿಯಾಗಿದ್ದ ಅಳತೆ ಓಡುವಾಗ ಸಾಲದು.

ಹಾಗಾಗಿ ಅಳತೆ ಎರಡು ಸಲ ತೆಗೆಯಿರಿ. ಒಮ್ಮೆ ನಿಂತಾಗ: ಕುಡಿಯುವ ನೀರು, ಪೆಟ್ರೋಲು, ಸಾಮಾನು, ಜನ ಎಲ್ಲ ತುಂಬಿಕೊಂಡು, ಎಂಜಿನ್ ಕೂರುವ ಅಂಚಿನಿಂದ ನೀರಿನವರೆಗೆ. ಇನ್ನೊಮ್ಮೆ ಓಡುವಾಗ: ಎಂಜಿನ್ ಪಕ್ಕದಲ್ಲೇ ಗುರುತು ಹಾಕಿದ ಕೋಲು ಕಟ್ಟಿ, ಒಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಲಿ. ಹಿಂದಿನಿಂದ ಅಲೆ ಬಂದು ದಾಟಿ ಹೋದಾಗ ನೀರು ಎಷ್ಟು ಕೆಳಗಿಳಿಯುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಎಂಜಿನ್ ಎತ್ತಿದಾಗ ಕಾಲು ಪೂರ್ತಿ ನೀರಿನಿಂದ ಹೊರಬರುತ್ತದಾ ಅಂತಲೂ ನೋಡಿಕೊಳ್ಳಿ. ಔಟ್‌ಬೋರ್ಡ್ ಇಟ್ಟುಕೊಳ್ಳುವುದರ ದೊಡ್ಡ ಲಾಭವೇ ಅದು. ಹಾಯಿ ಬಿಚ್ಚಿದಾಗ ಎಳೆತ ಇಲ್ಲ, ನಿಲ್ಲಿಸಿದಾಗ ಚಿಪ್ಪು ಹುಳ ಅಂಟುವುದಿಲ್ಲ. ಹೊಸ ಎಂಜಿನ್‌ನ ಮುಚ್ಚಳ ಹಳೆಯದಕ್ಕಿಂತ ಎತ್ತರ ಇದ್ದರೆ ಎತ್ತುವಾಗ ಡೆಕ್ಕಿಗೆ ತಗಲಬಹುದು. ಕಂಪನಿಯ ನಕ್ಷೆಯಲ್ಲಿರುವ ಅಳತೆ ನೋಡಿ ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿ, ಜಾಗದಲ್ಲಿ ಇಟ್ಟು ತಿರುಗಿಸಿ ನೋಡಿ. ಅರ್ಧ ಗಂಟೆಯ ಕೆಲಸ, ಲಕ್ಷಗಟ್ಟಲೆ ದುಡ್ಡು ಉಳಿಯುತ್ತದೆ.

ತೂಕ ಮತ್ತು ಗೇರು

ಮಾಮೂಲಿ ಫೋರ್ ಸ್ಟ್ರೋಕ್ 9.9 ಎಚ್‌ಪಿ ಎಂಜಿನ್ 40 ಕೆಜಿ ಆಸುಪಾಸು ತೂಗುತ್ತದೆ. ಅದೇ 9.9ರ ಹೈ ಥ್ರಸ್ಟ್ (ಭಾರ ತಳ್ಳಲೆಂದೇ ಮಾಡಿದ) ಮಾದರಿ 50 ಕೆಜಿ ಹತ್ತಿರ. ಎರಡು ಎಂಜಿನ್ ಸೇರಿ 20 ಕೆಜಿ ವ್ಯತ್ಯಾಸ, ಅದೂ ದೋಣಿಯ ತುತ್ತತುದಿಯಲ್ಲಿ. ತೆಳ್ಳಗಿನ ಹಲ್‌ಗಳ ಕ್ಯಾಟಮರಾನ್ ಹಿಂದೆ ಭಾರ ಬಿದ್ದರೆ ಬೇಗ ಕುಕ್ಕರಿಸುತ್ತದೆ. ಆದರೂ ನಾನು ಆ 20 ಕೆಜಿ ಹೊರಲು ಒಪ್ಪುತ್ತೇನೆ. ಬೇಕಾದರೆ ಹಿಂದಿನ ಲಾಕರ್‌ನಲ್ಲಿರುವ ಲಂಗರು ಸರಪಳಿಯನ್ನು ಮುಂದಕ್ಕೆ ಸಾಗಿಸಿದರಾಯಿತು.

ಯಾಕೆಂದರೆ ಒಂದೇ ಎಚ್‌ಪಿ ಇದ್ದ ಮಾತ್ರಕ್ಕೆ ಎರಡೂ ಒಂದೇ ಎಂಜಿನ್ ಅಲ್ಲ. ಯಮಹಾದ ಮಾಮೂಲಿ ಎಫ್9.9 ಮತ್ತು ಹೈ ಥ್ರಸ್ಟ್ ಟಿ9.9 ತೆಗೆದುಕೊಳ್ಳಿ. ಮೊದಲನೆಯದರ ಗೇರ್ ಅನುಪಾತ (ಪ್ರೊಪೆಲ್ಲರ್ ಒಂದು ಸುತ್ತು ಹಾಕಲು ಎಂಜಿನ್ ತಿರುಗಬೇಕಾದ ಸುತ್ತು) 2.08, ಎರಡನೆಯದರದು 2.92. ಎಂಜಿನ್ 5500 ಸುತ್ತು ತಿರುಗುವಾಗ ಎಫ್9.9ರ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2640 ಸುತ್ತು ಹಾಕುತ್ತದೆ, ಟಿ9.9ರದು 1880ರ ಹತ್ತಿರ. ನಿಧಾನ ತಿರುಗುವುದಕ್ಕೆ ಅಗಲವಾದ ಪ್ರೊಪೆಲ್ಲರ್ ಹಾಕಬಹುದು, ಅದು ಜಾಸ್ತಿ ನೀರನ್ನು ಹಿಡಿದು ತಳ್ಳುತ್ತದೆ. ಬೈಕಿಗೂ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಹಗುರ ದೋಣಿಯನ್ನು ನೀರಿನ ಮೇಲೆ ಹಾರಿಸಲು ಮೊದಲನೆಯದು, ಭಾರದ ದೋಣಿಯನ್ನು ಎದುರುಗಾಳಿಯಲ್ಲಿ ತಳ್ಳಲು ಎರಡನೆಯದು.

ರಿವರ್ಸ್‌ನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಾಮೂಲಿ ಎಂಜಿನ್‌ನ ಹೊಗೆ ಪ್ರೊಪೆಲ್ಲರ್‌ನ ನಡುವಿನಿಂದ ಹೊರಬರುತ್ತದೆ. ಹಿಂದಕ್ಕೆ ಓಡಿಸಿದರೆ ಪ್ರೊಪೆಲ್ಲರ್ ಅದೇ ಹೊಗೆಯ ಗುಳ್ಳೆಗಳಿಗೆ ನುಗ್ಗುತ್ತದೆ, ಹಿಡಿತ ಸಿಗುವುದಿಲ್ಲ. ಹೈ ಥ್ರಸ್ಟ್ ಮಾದರಿಗಳಲ್ಲಿ ಹೊಗೆಯನ್ನು ಬೇರೆ ದಾರಿಗೆ ತಿರುಗಿಸುವ ಏರ್ಪಾಡು ಇರುತ್ತದೆ. ಮರೀನಾದಲ್ಲಿ ಪಕ್ಕದವರ ದೋಣಿಗೆ ಗುದ್ದುವ ಮುಂಚೆ ನಿಲ್ಲಿಸುವುದು ರಿವರ್ಸ್ ಗೇರೇ ಅಲ್ವಾ? ಕ್ಯಾಟಮರಾನ್ ನೀರಿನ ಮೇಲೆ ಎತ್ತರ, ಅಗಲ. ಸಣ್ಣ ಗಾಳಿಗೂ ಪಕ್ಕಕ್ಕೆ ಸರಿಯುತ್ತದೆ.

ಹಾಗಾದರೆ ಎಷ್ಟು ಎಚ್‌ಪಿ?

ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗದ ಮಿತಿಗೆ ಒಂದು ಹಳೆಯ ಲೆಕ್ಕವಿದೆ. ನೀರಿನಲ್ಲಿರುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 30 ಅಡಿಗೆ 7.3 ನಾಟ್, ಅಂದರೆ ಗಂಟೆಗೆ ಸುಮಾರು 13.5 ಕಿ.ಮೀ ಬರುತ್ತದೆ. ಸಪೂರ ಹಲ್‌ಗಳ ಕ್ಯಾಟಮರಾನ್ ಇದನ್ನು ದಾಟಬಲ್ಲದು ನಿಜ. ಆದರೂ ಸಾಮಾನು ತುಂಬಿದ ದೋಣಿಗೆ ಎಚ್‌ಪಿ ಎರಡರಷ್ಟು ಮಾಡಿದರೆ ವೇಗ ಎರಡರಷ್ಟಾಗುವುದಿಲ್ಲ. ಒಂದೆರಡು ನಾಟ್ ಸಿಗಬಹುದು, ಪೆಟ್ರೋಲ್ ಮಾತ್ರ ಸಿಕ್ಕಾಪಟ್ಟೆ ಹೋಗುತ್ತದೆ. ಆಸ್ಟ್ರೇಲಿಯಾದ ಸೀವಿಂಡ್ 1000, ಸುಮಾರು 10 ಮೀಟರ್ ಉದ್ದದ್ದು, ಎರಡು 9.9 ಎಂಜಿನ್‌ಗಳಲ್ಲೇ ಸಾಗರ ಸುತ್ತಿದ ಜಾತಿಯ ದೋಣಿ. ನಿಮ್ಮದು ಅದೇ ಗಾತ್ರದ್ದಾದರೆ ಅಲ್ಲಿಂದ ಶುರು ಮಾಡಿ.

ಇಲ್ಲಿ ಒಂದು ಸ್ವಾರಸ್ಯವಿದೆ. ಸುಜುಕಿಯ 9.9, 15, 20 ಎಚ್‌ಪಿ ಈಗಿನ ಮಾದರಿಗಳಿಗೆ ಒಂದೇ 327 ಸಿಸಿ ಬ್ಲಾಕ್. ತೊಹಾತ್ಸುವಿನ ಇಂಜೆಕ್ಷನ್ ಎಂಜಿನ್‌ಗಳಲ್ಲೂ ಮೂರಕ್ಕೂ ಒಂದೇ 333 ಸಿಸಿ. ತೂಕ ಹೆಚ್ಚುಕಮ್ಮಿ ಅಷ್ಟೇ. ಯಮಹಾ ಎಫ್9.9 ಬರೀ 212 ಸಿಸಿ. ಹೈ ಥ್ರಸ್ಟ್ ಸಿಗದಿದ್ದರೆ, ಇಂಥ ದೊಡ್ಡ ಬ್ಲಾಕಿನ 15 ಅಥವಾ 20 ತೆಗೆದುಕೊಂಡು, ಕಡಿಮೆ ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ ಕಡಿಮೆ ಇರುವ) ಪ್ರೊಪೆಲ್ಲರ್ ಹಾಕಿ, ಅರ್ಧ ಥ್ರಾಟಲ್‌ನಲ್ಲಿ ಆರಾಮಾಗಿ ಓಡಿಸುವುದು ಒಳ್ಳೆಯ ದಾರಿ. ಶಾಫ್ಟ್ ಉದ್ದ ಹೊಂದುತ್ತದಾ ನೋಡಿಕೊಂಡೇ ಮುಂದುವರಿಯಿರಿ.

9.9 ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 4 ಲೀಟರ್ ಕುಡಿಯುತ್ತದೆ. ನೀರು ಶಾಂತವಾಗಿದ್ದರೆ ಒಂದನ್ನು ಎತ್ತಿಟ್ಟು ಇನ್ನೊಂದರಲ್ಲೇ ಹೋಗಿ, ಖರ್ಚು ತುಂಬ ತಗ್ಗುತ್ತದೆ.

ಇ20 ಪೆಟ್ರೋಲ್ ಎಂಬ ತಲೆನೋವು

ಬೆಂಗಳೂರಿನ ಕಾರು ಮಾಲೀಕರು ಇ20 ಬಗ್ಗೆ ಜಗಳ ಆಡಿ ಸುಸ್ತಾಗಿದ್ದಾರೆ. ದೋಣಿಯವರಿಗೆ ಅದು ಇನ್ನೂ ಗಂಭೀರ ವಿಷಯ. ದೊಡ್ಡ ಔಟ್‌ಬೋರ್ಡ್ ಕಂಪನಿಗಳ ಮ್ಯಾನ್ಯುಯಲ್‌ಗಳು ಸಾಮಾನ್ಯವಾಗಿ ಶೇ 10ರವರೆಗಿನ ಎಥನಾಲ್ ಮಾತ್ರ ಒಪ್ಪುತ್ತವೆ. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20ರವರೆಗೆ ಬೆರೆಸಿದ ಪೆಟ್ರೋಲ್.

ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಕಾರಿನ ಟ್ಯಾಂಕ್ ವಾರಕ್ಕೊಮ್ಮೆ ಖಾಲಿಯಾಗುತ್ತದೆ, ಪರವಾಗಿಲ್ಲ. ದೋಣಿ ಟ್ಯಾಂಕು ಕರಾವಳಿಯ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪು ಹೀರುವುದೂ ತಳದಿಂದಲೇ. ಆಗ ಯಾವ ಬ್ರಾಂಡ್ ಆದರೂ ನಿಲ್ಲುತ್ತದೆ.

ಕೊಳ್ಳುವಾಗಲೇ ‘ಈ ಮಾಡೆಲ್ ಇ20ಕ್ಕೆ ಆಗುತ್ತದಾ, ವಾರಂಟಿ ಇರುತ್ತದಾ’ ಅಂತ ಡೀಲರ್‌ನಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತು ಬೇಡ. ಪ್ರತಿ ಎಂಜಿನ್‌ಗೂ ಬೇರೆಬೇರೆ, ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ. ಎರಡಕ್ಕೂ ಒಂದೇ ಟ್ಯಾಂಕ್ ಇದ್ದರೆ ಕೆಟ್ಟ ಪೆಟ್ರೋಲ್ ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತದೆ, ಎರಡು ಎಂಜಿನ್ ಇದ್ದೂ ಉಪಯೋಗವಿಲ್ಲ. ಮಳೆಗಾಲಕ್ಕೆ ದೋಣಿ ಕಟ್ಟಿಹಾಕುವ ಮುಂಚೆ ಟ್ಯಾಂಕ್ ಖಾಲಿ ಮಾಡಿ. ಕಾರ್ಬುರೇಟರ್ ಇದ್ದರೆ ಅದರ ಬಟ್ಟಲಿನಲ್ಲಿರುವ ಪೆಟ್ರೋಲನ್ನೂ ಹೊರಗೆ ಬಿಡಿ. ಇಂಜೆಕ್ಷನ್ ಎಂಜಿನ್ ಸ್ಟಾರ್ಟ್ ಆಗುವುದು ಸಲೀಸು, ಕಡಿಮೆ ಕುಡಿಯುತ್ತದೆ. ಕಾರ್ಬುರೇಟರನ್ನು ದಡದ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ತೊಳೆಯುತ್ತಾನೆ. ಇವತ್ತು ಹೊಸದು ಕೊಳ್ಳುವುದಾದರೆ ನಾನು ಇಂಜೆಕ್ಷನ್ ಕಡೆಗೇ ವಾಲುತ್ತೇನೆ.

ಬ್ರಾಂಡ್ ಯಾವುದು ಅಂದರೆ, ದೋಣಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಯಾವುದರ ಸ್ಪೇರ್ ಸಿಗುತ್ತದೋ ಅದು. ಮಲ್ಪೆ, ಗಂಗೊಳ್ಳಿ, ಕಾರವಾರದ ನಾಡದೋಣಿ ಮೀನುಗಾರರು ಔಟ್‌ಬೋರ್ಡ್‌ಗಳನ್ನು ದಿನಾ ಓಡಿಸುವವರು. ಬೆಂಗಳೂರಿನ ಶೋರೂಮಿಗಿಂತ ಅಲ್ಲಿಯ ಮೆಕ್ಯಾನಿಕ್ ಮಾತು ಗಟ್ಟಿ. ಆದರೆ ಅವರು ಬಳಸುವ ಸೀಮೆಎಣ್ಣೆ ಎಂಜಿನ್ ಅಗ್ಗ ಅಂತ ಆಸೆಪಡಬೇಡಿ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಆ ಟೂ ಸ್ಟ್ರೋಕ್‌ನ ಸದ್ದು, ಹೊಗೆ ಮಲಗುವ ಕೋಣೆ ಇರುವ ದೋಣಿಗೆ ಆಗಿಬರುವುದಿಲ್ಲ.

ಬ್ಯಾಟರಿ ಮೋಟರ್ ಯಾಕಾಗಬಾರದು ಅಂತಲೂ ಕೇಳುತ್ತಾರೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಐದನೇ ಒಂದು ಭಾಗ ಮಾತ್ರ ಕೆಲಸಕ್ಕೆ ತಂದರೂ 1.8 ಯೂನಿಟ್ ಆಯಿತು. ಇಪ್ರೊಪಲ್ಷನ್ ಕಂಪನಿಯ ಸ್ಪಿರಿಟ್ 1.0 ಪ್ಲಸ್ ಮೋಟರಿನ ಬ್ಯಾಟರಿ 1.28 ಯೂನಿಟ್‌ನದು. ದಡಕ್ಕೆ ಹೋಗಿಬರುವ ಪುಟ್ಟ ದೋಣಿಗೆ ಅದು ಚೆಂದ. 2024ರಲ್ಲಿ ಯಮಹಾ ಕಂಪನಿ ಜರ್ಮನಿಯ ಟಾರ್ಕೀಡೊವನ್ನು ಕೊಂಡುಕೊಂಡಿದೆ, ಈ ಲೆಕ್ಕ ಮುಂದೆ ಬದಲಾಗಬಹುದು. ಈಗಂತೂ ದೊಡ್ಡ ದೋಣಿಗೆ ಪೆಟ್ರೋಲೇ.

ಬೆಂಗಳೂರಿನಲ್ಲಿ ಏನು ಮಾಡಬಹುದು, ಏನು ಬೇಡ

ಎಂಜಿನ್ ಕೂರಿಸುವ ಬ್ರಾಕೆಟ್ ಮಾಡಿಸಲು ಪೀಣ್ಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಯುಮಿನಿಯಂ ಆದರೆ 5083 ದರ್ಜೆಯದೇ ಬೇಕು ಅಂತ ಹೇಳಿ. ಬೋಲ್ಟು ಸ್ಟೀಲ್ 316 ಆಗಿರಲಿ. ಅಂಗಡಿಯವರು ‘ಎಸ್‌ಎಸ್ ಸಾರ್, ತುಕ್ಕೇ ಹಿಡಿಯಲ್ಲ’ ಅಂತ ಕೊಡುವುದು ಎಷ್ಟೋ ಸಲ 304, ಉಪ್ಪುನೀರಿನಲ್ಲಿ ಅದು ಬಾಳುವುದಿಲ್ಲ. ಅಯಸ್ಕಾಂತ ಹಿಡಿದರೆ ಎರಡರ ವ್ಯತ್ಯಾಸ ತಿಳಿಯದು, ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಸ್ಟೀಲೂ ಅಲ್ಯುಮಿನಿಯಮೂ ನೇರ ತಾಗದಂತೆ ನಡುವೆ ನೈಲಾನ್ ವಾಷರ್ ಇರಲಿ. ಹಳೇ ಥ್ರಾಟಲ್ ಲಿವರ್ ಉಳಿಸಿಕೊಳ್ಳುವ ಯೋಚನೆ ಇದ್ದರೆ ಕೇಬಲ್ ಹೊಂದುತ್ತದಾ ಕೇಳಿ. ಬ್ರಾಂಡ್ ಬದಲಾದರೆ ಎಳೆತದ ದಿಕ್ಕೇ ಉಲ್ಟಾ ಆಗಬಹುದು.

ಬೆಂಗಳೂರಿನಲ್ಲಿ ಎಂಜಿನ್‌ಗೆ ಟ್ಯೂನಿಂಗ್ ಮಾತ್ರ ಮಾಡಿಸಬೇಡಿ. ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಗಾಳಿ ತೆಳು, ಎಂಜಿನ್ ಹತ್ತಿರಹತ್ತಿರ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿಯ ಗಾಳಿಗೆ ಕಾರ್ಬುರೇಟರ್ ಹೊಂದಿಸಿದರೆ ಕೊಚ್ಚಿಯ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಡ್ರಮ್ಮಿನ ನೀರಿನಲ್ಲಿ ಓಡಿಸಿ ಕೂಲಿಂಗ್ ನೀರು ಚಿಮ್ಮುತ್ತದಾ, ಗೇರು ಬೀಳುತ್ತದಾ ನೋಡಿ. ಅಷ್ಟು ಸಾಕು.

ಪ್ರೊಪೆಲ್ಲರ್ ಪರೀಕ್ಷೆ

ಮೊದಲ 10 ಗಂಟೆ ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಮೆಲ್ಲಗೆ ಓಡಿಸಿ. ಆಮೇಲೆ ದೋಣಿಗೆ ಪೂರ್ತಿ ಭಾರ ತುಂಬಿ, ಎರಡೂ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಕೊಟ್ಟು ಟ್ಯಾಕೋಮೀಟರ್ (ಸುತ್ತು ಎಣಿಸುವ ಮೀಟರ್) ನೋಡಿ. ಈ ಗಾತ್ರದ ಎಂಜಿನ್‌ಗಳು ಸಾಮಾನ್ಯವಾಗಿ 5000ದಿಂದ 6000 ಸುತ್ತಿನ ನಡುವೆ ಇರಬೇಕು. ನಿಮ್ಮ ಮಾಡೆಲ್‌ನ ಸರಿಯಾದ ಮಿತಿ ಮ್ಯಾನ್ಯುಯಲ್‌ನಲ್ಲಿದೆ. ಅಷ್ಟು ಮುಟ್ಟದೆ ಏದುಸಿರು ಬಿಡುತ್ತಿದ್ದರೆ ಪಿಚ್ ಜಾಸ್ತಿಯಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. ಮಿತಿ ಮೀರಿ ಹೋದರೆ ಪಿಚ್ ಏರಿಸಿ. ಸರಿಯಾದದ್ದು ಸಿಕ್ಕ ಮೇಲೆ ಅದೇ ಅಳತೆಯ ಇನ್ನೊಂದು ಪ್ರೊಪೆಲ್ಲರ್, ಒಂದು ಇಂಪೆಲ್ಲರ್ (ಕೂಲಿಂಗ್ ನೀರಿನ ಪಂಪಿನ ರಬ್ಬರ್ ಚಕ್ರ), ಪ್ಲಗ್‌ಗಳು, ಕಿಲ್ ಸ್ವಿಚ್ಚಿನ (ಎಳೆದರೆ ಎಂಜಿನ್ ನಿಲ್ಲಿಸುವ ಸ್ವಿಚ್) ಹೆಚ್ಚುವರಿ ಹಗ್ಗ ದೋಣಿಯಲ್ಲೇ ಇರಲಿ.

ಕೊನೆಗೆ ಖಾಲಿ ಜಾಗದಲ್ಲಿ ಎಡ ಎಂಜಿನ್ ಮುಂದಕ್ಕೆ, ಬಲ ಎಂಜಿನ್ ಹಿಂದಕ್ಕೆ ಹಾಕಿ ದೋಣಿ ನಿಂತಲ್ಲೇ ತಿರುಗುತ್ತದಾ ನೋಡಿ. ಆಮೇಲೆ ಅದಲುಬದಲು ಮಾಡಿ. ಒಂದು ಕಡೆಗೆ ಮಾತ್ರ ಸೋಮಾರಿತನ ಕಂಡರೆ, ಎರಡರಲ್ಲಿ ಒಂದು ಎಂಜಿನ್‌ನ ಕೇಬಲ್ ಪೂರ್ತಿ ಗೇರಿಗೆ ಎಳೆಯದಿರಬಹುದು. ಡೀಲರ್‌ನ ಮೆಕ್ಯಾನಿಕ್ ಇನ್ನೂ ದೋಣಿಯಲ್ಲಿರುವಾಗಲೇ ಅದನ್ನು ಸರಿ ಮಾಡಿಸಿಕೊಂಡು, ಆಮೇಲೆ ಬಾಕಿ ದುಡ್ಡು ಕೊಡಿ.